ಕೆಡದೇ ಇದ್ದದ್ದಕ್ಕೆ ಏಳು ರಿಪೇರಿ: ಪೆರ್ಲದ ಬೈಲಿನ ಒಂದು ವಯರ್‌ಲೆಸ್ ಬ್ರಾಡ್‌ಬ್ಯಾಂಡ್ ಪ್ರಕರಣ

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಪೆರ್ಲ ಪೇಟೆಯಿಂದ ಸುಮಾರು ನಾಲ್ಕು ಕಿಲೋಮೀಟರ್ ಒಳಗಿರುವ ಒಂದು ಬೈಲಿನಲ್ಲಿ, ಅಂದರೆ ಗುಡ್ಡೆಗಳ ನಡುವಿನ ತಗ್ಗಿನಲ್ಲಿ, ನನ್ನ ಸೋದರಮಾವನ ಮನೆಯಿದೆ. 2025ರ ಫೆಬ್ರವರಿಯಿಂದ ಆಗಸ್ಟ್‌ವರೆಗೆ ಆ ಮನೆಯ ಮಾಡಿನ ಅಂಚಿನಲ್ಲಿ ಒಂದು ಖಾಸಗಿ ಕಂಪೆನಿಯ ವಯರ್‌ಲೆಸ್ ಬ್ರಾಡ್‌ಬ್ಯಾಂಡಿನ ಬಿಳಿ ಡಬ್ಬಿ (ಟವರಿನ ಸಿಗ್ನಲನ್ನು ಹಿಡಿದು ಮನೆಗೆ ಇಂಟರ್ನೆಟ್ ಕೊಡುವ ಸಾಧನ) ಕೆಲಸ ಮಾಡಿತು. ಆ ಆರು ತಿಂಗಳಲ್ಲಿ ಏಳು ದೂರುಗಳು ದಾಖಲಾದವು, ಏಳೂ 'ಪರಿಹಾರವಾಗಿದೆ' ಎಂಬ ಸಂದೇಶದೊಂದಿಗೆ ಮುಚ್ಚಿದವು, ವೇಗ ಮಾತ್ರ ಮೊದಲ ದಿನ ಎಷ್ಟಿತ್ತೋ ಕೊನೆಯ ದಿನವೂ ಅಷ್ಟೇ ಇತ್ತು. ನಾನು ಬದಿಯಡ್ಕದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಮಾವನ ಪರವಾಗಿ ಅಳತೆ ಮಾಡಿದವನೂ ಪತ್ರ ಬರೆದವನೂ ನಾನೇ ಆದ್ದರಿಂದ ಈ ಬರಹ ಒಂದು ಕಡೆಯವನದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಕಾಗದಗಳನ್ನು ಮುಂದಿಟ್ಟುಕೊಂಡು ನೋಡಿದ ಮೇಲೆ ನನಗೆ ತೋರಿದ್ದು ಇಷ್ಟು: ಆ ಮನೆಯಲ್ಲಿ ರಿಪೇರಿ ಮಾಡಬೇಕಾದಂಥದ್ದು ಏನೂ ಕೆಟ್ಟಿರಲಿಲ್ಲ. ತಪ್ಪಾದದ್ದು ಮಾರಾಟದಲ್ಲಿ. ಕಂಪೆನಿಯ ಇಡೀ ದೂರು ವ್ಯವಸ್ಥೆಯೋ, ಕೆಟ್ಟದ್ದನ್ನು ಸರಿಮಾಡುವುದಕ್ಕೆ ಹೊಂದಿಕೊಂಡದ್ದೇ ಹೊರತು ಕೊಡಬಾರದ್ದನ್ನು ಕೊಟ್ಟದ್ದನ್ನು ಗುರುತಿಸುವುದಕ್ಕೆ ಅಲ್ಲ.

ಸ್ಥಳದ ವಿಚಾರ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಪ್ರಕರಣದ ಅರ್ಧ ಭಾಗ ಈ ನೆಲದ ಏರುತಗ್ಗಿನಲ್ಲಿಯೇ ಇದೆ. ಚೆರ್ಕಳ–ಕಲ್ಲಡ್ಕ ರಸ್ತೆಯ ಆಚೀಚೆ ಕಾಣುವುದು ಮುರಕಲ್ಲಿನ ಬೋಳು ಪದವುಗಳು, ಅಂದರೆ ಎತ್ತರದ ಸಮತಟ್ಟು ನೆಲ. ಪದವಿನ ಅಂಚಿನಿಂದ ಥಟ್ಟನೆ ಇಳಿಯುವ ಗುಡ್ಡೆ. ಗುಡ್ಡೆಯ ಬುಡದಲ್ಲಿ, ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗದ ನೀರು ಕುಡಿದು ಬೆಳೆದ ಅಡಿಕೆ ತೋಟ. ತೋಟದ ನಡುವೆ ಮನೆ. ಹಳಬರು ನೀರು ಎಲ್ಲಿ ಸಿಗುತ್ತದೆಯೋ ಅಲ್ಲಿ ಮನೆ ಕಟ್ಟಿದರು. ಮೊಬೈಲ್ ಕಂಪೆನಿಗಳು ದೂರಕ್ಕೆ ಕಾಣಲಿ ಎಂದು ಪದವಿನ ಮೇಲೆ ಟವರ್ ನಿಲ್ಲಿಸಿದವು. ಮಾವನ ಮನೆಯಿಂದ ಟವರಿಗೆ ನೇರ ಗೆರೆ ಎಳೆದರೆ ಎರಡು ಕಿಲೋಮೀಟರಿಗಿಂತ ಕಡಿಮೆ; ಆದರೆ ಆ ಗೆರೆ ಮೊದಲು ಐವತ್ತು ಅಡಿ ಎತ್ತರದ ಅಡಿಕೆ ಮರಗಳ ಸೋಗೆಯೊಳಗೆ ನುಗ್ಗಿ, ಆಮೇಲೆ ಗುಡ್ಡೆಯ ಹೆಗಲನ್ನೇ ಕೊರೆದು ಹೋಗಬೇಕು. ಅಂಗಳದಲ್ಲಿ ನಿಂತರೆ ಟವರ್ ಕಾಣುವುದಿಲ್ಲ. ಮನೆಯ ಮೇಲ್ಬದಿಯ ಪಂಚಾಯತು ರಸ್ತೆಗೆ ಹತ್ತಿದರೆ ಎದುರಿಗೇ ಕಾಣುತ್ತದೆ.

ಸಂಪರ್ಕ ಬೇಕಾದದ್ದು ಸಿನಿಮಾ ನೋಡುವುದಕ್ಕಲ್ಲ. ಮಾವನ ಸೊಸೆ, ಅಂದರೆ ನನ್ನ ಅತ್ತಿಗೆ, ಮಂಗಳೂರಿನ ಒಂದು ಲೆಕ್ಕಪತ್ರ ಕಚೇರಿಗೆ ಮನೆಯಿಂದಲೇ ಕೆಲಸ ಮಾಡುತ್ತಾರೆ. ವರ್ತಕರ ಬಿಲ್ಲುಗಳನ್ನು ನಮೂದಿಸುವುದು, ಸ್ಕ್ಯಾನ್ ಮಾಡಿದ ಕಡತಗಳನ್ನು ಕಚೇರಿಗೆ ಕಳುಹಿಸುವುದು, ತಿಂಗಳ 20ನೇ ತಾರೀಕಿನೊಳಗೆ ಜಿಎಸ್‌ಟಿಆರ್-3ಬಿ ಎಂಬ ತೆರಿಗೆ ವಿವರಪಟ್ಟಿ ಸಲ್ಲಿಸಿ ಮುಗಿಸುವುದು ಅವರ ಹೊಣೆ. ಅಂದರೆ ಅವರಿಗೆ ಇಳಿಸುವ ವೇಗಕ್ಕಿಂತ ಏರಿಸುವ ವೇಗ ಮುಖ್ಯ. ಹಳೆಯ ತಾಮ್ರದ ತಂತಿಯ ದೂರವಾಣಿ ಕಂಬಗಳು ಬಿದ್ದ ಮೇಲೆ ನಿಂತೇ ಹೋಗಿತ್ತು. ಫೈಬರ್ ಕೇಬಲ್ ಮುಖ್ಯರಸ್ತೆಯಲ್ಲಿ ಹಾದುಹೋಗಿದೆ. ಒಂದೇ ಮನೆಗಾಗಿ ಎರಡೂವರೆ ಕಿಲೋಮೀಟರ್ ಎಳೆಯಲು ಕೇಬಲಿನವರು ಒಪ್ಪಲಿಲ್ಲ. ಹೀಗಿರುವಾಗ ತಂತಿಯೇ ಬೇಡದ ಬ್ರಾಡ್‌ಬ್ಯಾಂಡ್ ಬಂದಿದೆ ಎಂದರೆ ಯಾರು ಬೇಡ ಎನ್ನುತ್ತಾರೆ?

ಫೆಬ್ರವರಿ ಎರಡನೆಯ ವಾರದಲ್ಲಿ ಕಂಪೆನಿಯ ಮಾರಾಟಗಾರ ಬೈಕಿನಲ್ಲಿ ಬಂದ. ಅವನು ಕೊಟ್ಟ ಕರಪತ್ರದ ಒಂದು ಮಗ್ಗುಲು ಮಲಯಾಳದಲ್ಲಿ, ಇನ್ನೊಂದು ಮಗ್ಗುಲು ಕನ್ನಡದಲ್ಲಿ ಇತ್ತು. ಗಡಿನಾಡಿನಲ್ಲಿ ವ್ಯಾಪಾರ ಮಾಡುವವರಿಗೆ ಕನ್ನಡದ ಬೆಲೆ ಚೆನ್ನಾಗಿ ಗೊತ್ತು. ಎರಡೂ ಕಡೆ ಅಂಗೈ ಅಗಲದ ಅಕ್ಷರಗಳಲ್ಲಿ '100 ಎಂಬಿಪಿಎಸ್' (ಸೆಕೆಂಡಿಗೆ 100 ಮೆಗಾಬಿಟ್) ಎಂದು ಮುದ್ರಿಸಿದ್ದರು. ತೀರಾ ಕೆಳಗೆ, ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಮಾತ್ರ, ಇದು ಗರಿಷ್ಠ ವೇಗವೆಂದೂ ಸ್ಥಳದ ಅನುಕೂಲಕ್ಕೆ ಒಳಪಟ್ಟದ್ದೆಂದೂ ಒಂದು ಸಾಲು ಇತ್ತು. ಮಾವ ಕೇಳಿದ ಪ್ರಶ್ನೆ ನೇರವಾದದ್ದು: "ನಮ್ಮದು ಬೈಲು ಮಾರಾಯ, ಇಲ್ಲಿ ಸಿಕ್ಕೀತಾ?" ಉತ್ತರವೂ ಅಷ್ಟೇ ನೇರವಾಗಿತ್ತು: "ಸಿಗ್ತದೆ ಮಾವ. ಒಂದು ತಿಂಗಳು ನೋಡಿ, ಸರಿಯಾಗದಿದ್ರೆ ದುಡ್ಡು ವಾಪಸ್." ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಅಳವಡಿಕೆಯ ಸಾವಿರ ರೂಪಾಯಿ ಮಾಫಿ ಎಂದೂ ಹೇಳಿದ. ತಿಂಗಳಿಗೆ 650 ರೂಪಾಯಿಯಂತೆ ವರ್ಷಕ್ಕೆ 7,800, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 1,404, ಒಟ್ಟು 9,204 ರೂಪಾಯಿ ಮಾವ ಅಲ್ಲಿಯೇ ಫೋನಿನಿಂದ ಕಟ್ಟಿದರು. ಒಪ್ಪಂದಕ್ಕೆ ಸಹಿ ಎಂಬುದೇ ಇರಲಿಲ್ಲ. ಫೋನಿಗೆ ಬಂದ ಒಟಿಪಿಯನ್ನು ಹೇಳಿದ್ದೇ ಒಪ್ಪಿಗೆ. ಆ ಒಟಿಪಿಯ ಹಿಂದೆ ಇಂಗ್ಲಿಷಿನ ಹದಿನಾಲ್ಕು ಪುಟಗಳ ಷರತ್ತು ಇದ್ದವು ಎಂಬುದನ್ನು ನಾವು ಕಂಡದ್ದು ಜೂನ್ ತಿಂಗಳಲ್ಲಿ.

ಫೆಬ್ರವರಿ 17ನೇ ತಾರೀಕಿಗೆ ಅಳವಡಿಸುವವನು ಬಂದ. ಅಂದು ನಡೆದದ್ದನ್ನು ಅತ್ತಿಗೆ ಹೇಳಿದ ಕ್ರಮದಲ್ಲಿಯೇ ಬರೆಯುತ್ತೇನೆ. ಅವನು ಬೈಕನ್ನು ಮೇಲಿನ ರಸ್ತೆಯಲ್ಲಿ ನಿಲ್ಲಿಸಿ, ಅಲ್ಲಿಯೇ ನಿಂತು ತನ್ನ ಫೋನಿನಲ್ಲಿ ವೇಗ ಪರೀಕ್ಷೆ ಮಾಡಿದ, 140 ಬಂತು. ಅದರ ಚಿತ್ರ ಹಿಡಿದು ಕಂಪೆನಿಯ ಆ್ಯಪಿಗೆ ಏರಿಸಿದ. ಆಮೇಲೆ ಮೆಟ್ಟಿಲಿಳಿದು ಬಂದು, ಏಣಿ ಇಡಲು ಸುಲಭವಾದ ಕೊಟ್ಟಿಗೆಯ ಬದಿಯ ಮಾಡಿನಂಚಿಗೆ ಡಬ್ಬಿಯನ್ನು ಬಿಗಿದ. ರೂಟರಿನಲ್ಲಿ ಹಸಿರು ದೀಪ ಹತ್ತಿತು. ಫೋನಿನ ಪರದೆ ತೋರಿಸಿ "ನೋಡಿ ಅಕ್ಕ, 140" ಎಂದು ಹೇಳಿ ಹೊರಟುಹೋದ. ವೇಗ ಅಳೆದದ್ದು ರಸ್ತೆಯಲ್ಲಿ, ಡಬ್ಬಿ ಬಿಗಿದದ್ದು ಬೈಲಿನಲ್ಲಿ. ಈ ಪ್ರಕರಣದಲ್ಲಿ ಮುಂದೆ ಆದದ್ದೆಲ್ಲ ಈ ಇಪ್ಪತ್ತು ನಿಮಿಷಗಳಲ್ಲಿ ಹುಟ್ಟಿದ್ದು. ಡಬ್ಬಿಯನ್ನು ಬಿಗಿದ ಮೇಲೆ ಒಂದು ಬಾರಿ ಅಳೆದಿದ್ದರೆ ಸಾಕಿತ್ತು, ಮಾವನ ಹಣ ಆ ದಿನವೇ ಹಿಂತಿರುಗಬಹುದಾಗಿತ್ತು.

'ಸ್ಪೀಡ್ ಇಲ್ಲ' ಎಂಬ ಎರಡು ಪದ

ಮೊದಲ ದೂರು ಮಾರ್ಚ್ 3ರಂದು. ಗ್ರಾಹಕ ಸೇವೆಯ ಸಂಖ್ಯೆಗೆ ಕರೆ ಮಾಡಿದರೆ ಮೊದಲು ಭಾಷೆಯನ್ನು ಆರಿಸಬೇಕು. ನಾವಿರುವುದು ಕೇರಳ ಸರ್ಕಲಿನಲ್ಲಿ (ದೂರಸಂಪರ್ಕ ಸೇವೆಯ ವಿಭಾಗ), ಆದ್ದರಿಂದ ಮಲಯಾಳ, ಇಂಗ್ಲಿಷ್, ಹಿಂದಿ ಈ ಮೂರೇ. ಗುಡ್ಡೆಯ ಆಚೆ ಅಡ್ಯನಡ್ಕದಲ್ಲಿ ಅದೇ ಕಂಪೆನಿಯ ಗ್ರಾಹಕನಿಗೆ ಕನ್ನಡ ಸಿಗುತ್ತದೆ. ಅವನು ಕರ್ನಾಟಕ ಸರ್ಕಲಿನವನು. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೊಟ್ಟಿದೆ. ವಿಲೇಜ್ ಆಫೀಸಿನಲ್ಲಿ ಮಾವ ಅದನ್ನು ಬಿಡದೆ ಚಲಾಯಿಸುವವರೇ, ಆದರೆ ಖಾಸಗಿ ಕಂಪೆನಿಯ ಕಾಲ್ ಸೆಂಟರಿಗೆ ಅದು ಅನ್ವಯಿಸುವುದಿಲ್ಲ.

ಮಾವನಿಗೆ ಮಲಯಾಳ ಬರುವುದಿಲ್ಲ ಎಂದೇನೂ ಅಲ್ಲ. ಪೇಟೆಯ ವ್ಯವಹಾರಕ್ಕೆ ಬೇಕಾದಷ್ಟು ಧಾರಾಳವಾಗಿ ಬರುತ್ತದೆ. ಅವರು ಹೇಳಿದ್ದು 'ಸ್ಪೀಡ್ ಇಲ್ಲ' ಎಂದು. ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಈ ಎರಡು ಪದ ಒಂದೇ, ಹಾಗಾಗಿ ಮಾತು ತಪ್ಪಲು ಅವಕಾಶವೇ ಇಲ್ಲವೆಂದು ನಾನೂ ತಿಳಿದಿದ್ದೆ. ಆದರೆ ಅತ್ತ ಕಡೆಯವರು ತಮ್ಮ ಪಟ್ಟಿಯಲ್ಲಿ ಆರಿಸಿದ್ದು 'ಇಂಟರ್ನೆಟ್ ಇಲ್ಲ' ಎಂಬ ಸಾಲನ್ನು. ಅದರ ತಪಾಸಣೆ ಯಂತ್ರವೇ ಮಾಡುವಂಥದ್ದು: ಡಬ್ಬಿ ಟವರಿನೊಂದಿಗೆ ಮಾತಾಡುತ್ತಿದೆಯೇ ಎಂದು ದೂರದಿಂದ ನೋಡುತ್ತದೆ, ಹೌದು ಎಂದಾದರೆ ದೂರು ಮುಚ್ಚುತ್ತದೆ. ಡಬ್ಬಿ ಮಾತಾಡುತ್ತಿತ್ತು, ತೊದಲುತ್ತಿತ್ತು ಎಂಬುದು ಬೇರೆ. ನಲವತ್ತು ನಿಮಿಷಗಳಲ್ಲಿ 'ನಿಮ್ಮ ದೂರು ಪರಿಹಾರವಾಗಿದೆ' ಎಂಬ ಸಂದೇಶ ಬಂತು. ಮೊದಲ ಮೂರು ದೂರುಗಳು ಹೀಗೆಯೇ ಹೋದವು. ಪ್ರತಿಯೊಂದಕ್ಕೂ ಡಾಕೆಟ್ ಸಂಖ್ಯೆ, ಅಂದರೆ ದೂರಿನ ಕ್ರಮಸಂಖ್ಯೆ, ಇತ್ತು. ಅದನ್ನು ಮಾವ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿಯೇ, ಬರೆದಿಡುತ್ತಿದ್ದರು. ಮುಂದೆ ನಮ್ಮ ಕೈ ಹಿಡಿದದ್ದು ಆ ಕ್ಯಾಲೆಂಡರೇ.

ನಾಲ್ಕನೆಯ ಮತ್ತು ಐದನೆಯ ದೂರಿಗೆ ತಂತ್ರಜ್ಞ ಮನೆಗೆ ಬಂದ. ಒಂದು ಬಾರಿ ಅಡಾಪ್ಟರ್ ಬದಲಿಸಿದ, ಇನ್ನೊಂದು ಬಾರಿ ಡಬ್ಬಿಯನ್ನೇ ಬದಲಿಸಿ ಅದೇ ಜಾಗದಲ್ಲಿ ಅದೇ ದಿಕ್ಕಿಗೆ ಬಿಗಿದ. ಒಳ್ಳೆಯ ಹುಡುಗ, ಅವನ ಮೇಲೆ ನಮಗೆ ಸಿಟ್ಟಿಲ್ಲ. ಜಗಲಿಯಲ್ಲಿ ಚಹಾ ಕುಡಿಯುತ್ತಾ ಅವನೇ ಹೇಳಿದ ಪ್ರಕಾರ, ಮಾರಿದವನಿಗೆ ಸಂಪರ್ಕಕ್ಕೆ ಇಷ್ಟು, ಅಳವಡಿಸಿದವನಿಗೆ ಡಬ್ಬಿಗೆ ಇಷ್ಟು, ತನಗೆ ಮುಚ್ಚಿದ ದೂರಿಗೆ ಇಷ್ಟು ಎಂದು ಲೆಕ್ಕ. 'ಇಲ್ಲಿ ಸಂಪರ್ಕ ಕೊಡಬಾರದಿತ್ತು' ಎಂದು ಬರೆಯಲು ಅವನ ಆ್ಯಪಿನಲ್ಲಿ ಜಾಗವೇ ಇಲ್ಲ. ಹೀಗಾಗಿ ಪ್ರತಿಯೊಬ್ಬನೂ ತನ್ನ ಪಾಲಿನ ಕೆಲಸವನ್ನು ಮಾಡಿಯೇ ಮುಗಿಸಿದ್ದ.

ಮೇ 20ರ ರಾತ್ರಿಯ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ಅತ್ತಿಗೆ ಕಚೇರಿಗೆ ಕಳುಹಿಸಬೇಕಾಗಿದ್ದ ಕಡತ 240 ಮೆಗಾಬೈಟ್. ಕಂಪೆನಿಯವರು ಲೆಕ್ಕ ಹೇಳುವುದು ಮೆಗಾಬಿಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆ ಹೊತ್ತಿನಲ್ಲಿ ಏರಿಸುವ ವೇಗ ಸೆಕೆಂಡಿಗೆ 0.6 ಮೆಗಾಬಿಟ್ ಇತ್ತು; ಆ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿ ನಡೆದರೂ ಕಡತ ಹೋಗಿ ಮುಟ್ಟಲು 53 ನಿಮಿಷ ಬೇಕು. ಎಲ್ಲವೂ ಸರಿಯಾಗಿ ನಡೆಯಲಿಲ್ಲ. ಎರಡು ಬಾರಿ ಮುಕ್ಕಾಲು ಹೋಗಿ ಕಡಿಯಿತು. ರಾತ್ರಿ ಹತ್ತೂವರೆಗೆ ಅವರು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ, ಟಾರ್ಚ್ ಹಿಡಿದ ಮಾವನನ್ನು ಕರೆದುಕೊಂಡು ಮೇಲಿನ ರಸ್ತೆಗೆ ಹತ್ತಿ, ಕಟ್ಟಪುಣಿಯ ಕಲ್ಲಿನ ಮೇಲೆ ಕೂತು ತಮ್ಮ ಫೋನಿನ ಹಾಟ್‌ಸ್ಪಾಟಿನಿಂದ ಕಡತ ಕಳುಹಿಸಿದರು. ಅಲ್ಲಿ ಆ ಫೋನು ಹಿಡಿದದ್ದು ಕರ್ನಾಟಕ ಸರ್ಕಲಿನ ಟವರನ್ನು. ಫೋನಿಗೆ ಗಡಿಯ ಹಂಗಿಲ್ಲ, ಸಿಕ್ಕಿದ ಕಡೆಗೆ ಹೊರಳುತ್ತದೆ. ಮನೆಯ ವಿಳಾಸಕ್ಕೆ ಕಟ್ಟಿಹಾಕಿದ ಡಬ್ಬಿಗೆ ಆ ಸ್ವಾತಂತ್ರ್ಯವಿಲ್ಲ. ಮರುದಿನ ಅತ್ತಿಗೆ ನನಗೆ ಕರೆ ಮಾಡಿ, "ಭಾವ, ನೀವೊಮ್ಮೆ ಬಂದು ನೋಡಿ, ನನ್ನ ಕೆಲಸ ಹೋಗ್ತದೆ" ಎಂದರು.

ಕ್ಯಾಲೆಂಡರ್ ಮತ್ತು ದೋಟಿ

ನಾನು ಹೋದವನು ಮೊದಲು ಮಾಡಿದ್ದು ತಪ್ಪನ್ನೇ. ಹಳೆಯ ಮನೆ, ಒಂದೂವರೆ ಅಡಿ ದಪ್ಪದ ಮುರಕಲ್ಲಿನ ಗೋಡೆ. ವೈಫೈ ಚಾವಡಿಯಿಂದ ಒಳಕೋಣೆಗೆ ದಾಟುತ್ತಿಲ್ಲ ಎಂದು ಊಹಿಸಿ, 1,800 ರೂಪಾಯಿಯ ಒಂದು ವೈಫೈ ವಿಸ್ತರಣೆಯ ಸಾಧನ ತಂದು ಸಿಕ್ಕಿಸಿದೆ. ಫೋನಿನಲ್ಲಿ ವೈಫೈ ಗೆರೆಗಳು ಮೂರೂ ತುಂಬಿದವು, ವೇಗ ಕೂದಲೆಳೆಯಷ್ಟೂ ಕದಲಲಿಲ್ಲ. ಲ್ಯಾಪ್‌ಟಾಪಿಗೂ ರೂಟರಿಗೂ ಲ್ಯಾನ್ ಕೇಬಲ್ ಹಾಕಿ ಅಳೆಯಬೇಕೆಂಬ, ದಿನಾ ಗಿರಾಕಿಗಳಿಗೆ ನಾನೇ ಹೇಳುವ ಬುದ್ಧಿ ನನಗೆ ಹೊಳೆದದ್ದು ಎರಡನೆಯ ಭೇಟಿಯಲ್ಲಿ. ಕೇಬಲ್ ಹಾಕಿದರೂ ಅದೇ ವೇಗ. ಗೋಡೆಯ ತಪ್ಪಲ್ಲ ಎಂದು ಅಲ್ಲಿಗೆ ಖಚಿತವಾಯಿತು.

ಜೂನ್ 8ರಿಂದ 28ರವರೆಗೆ ಇಪ್ಪತ್ತೊಂದು ದಿನ, ಬೆಳಿಗ್ಗೆ ಏಳು, ಮಧ್ಯಾಹ್ನ ಎರಡು, ರಾತ್ರಿ ಒಂಬತ್ತು ಗಂಟೆಗೆ ಕೇಬಲಿನಲ್ಲಿಯೇ ಅಳೆದು ಬರೆಯುವುದೆಂದು ನಿಶ್ಚಯ ಮಾಡಿದೆವು. ಬರೆದವರು ಮಾವ. ಇಳಿಸುವ ವೇಗ, ಏರಿಸುವ ವೇಗ, ಮಳೆ ಇತ್ತೇ ಇಲ್ಲವೇ, ಇಷ್ಟು. ಮಳೆಯ ಅಂಕಣವನ್ನು ಸೇರಿಸಿದ್ದು ಮಾವನೇ, ಏಕೆಂದರೆ ಆರನೆಯ ದೂರಿಗೆ ಸಿಕ್ಕಿದ ಉತ್ತರ 'ಮಳೆಗಾಲ ಅಲ್ಲವೇ ಸರ್' ಎಂದಾಗಿತ್ತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳವನ್ನು ಮುಟ್ಟಿತ್ತು. ಕರೆಂಟು ಹೋಗಿ ತಪ್ಪಿದ ಐದನ್ನು ಬಿಟ್ಟರೆ 58 ಅಳತೆಗಳು ಸಿಕ್ಕಿದವು. ಇಳಿಸುವ ವೇಗದಲ್ಲಿ ಬೆಳಗಿನವು 14ರಿಂದ 22 ಎಂಬಿಪಿಎಸ್ ನಡುವೆ, ಮಧ್ಯಾಹ್ನದವು 7ರಿಂದ 12ರ ನಡುವೆ. ರಾತ್ರಿಯ 19 ಅಳತೆಗಳಲ್ಲಿ ಅತಿ ಹೆಚ್ಚಿನದು 3.1, ಅತಿ ಕಡಿಮೆಯದು 0.9; ಅವುಗಳಲ್ಲಿ 11 ಎರಡಕ್ಕಿಂತ ಕೆಳಗೆ. ಕೇಂದ್ರ ಸರಕಾರ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡಿನ ವ್ಯಾಖ್ಯೆಯನ್ನು ಬದಲಿಸಿ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿದೆ. ಹಾಗೆ ನೋಡಿದರೆ ಮಾವ ನೂರರ ಹಣ ಕೊಟ್ಟು, ಅರ್ಧಕ್ಕಿಂತ ಹೆಚ್ಚು ರಾತ್ರಿಗಳಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಯಲೂ ಬಾರದ ಸೇವೆಯನ್ನು ಪಡೆಯುತ್ತಿದ್ದರು. 58ರಲ್ಲಿ ಒಂದೇ ಒಂದು ಅಳತೆಯೂ 25 ಮುಟ್ಟಲಿಲ್ಲ.

ಮಳೆ ಬಂದ ರಾತ್ರಿಗೂ ಬಾರದ ರಾತ್ರಿಗೂ ವ್ಯತ್ಯಾಸ ಕಾಣಲಿಲ್ಲ. ಬೆಳಿಗ್ಗೆಗೂ ರಾತ್ರಿಗೂ ಅಜಗಜಾಂತರ ಇತ್ತು. ಇದರಿಂದ ತಿಳಿಯುವುದು, ಮಳೆಯ ಹೆಸರು ಹೇಳಿದ್ದು ಕೇವಲ ನೆವ ಎಂದು. ಮಳೆಗೆ ಪಾತ್ರವೇ ಇಲ್ಲವೆಂದಲ್ಲ: ಒದ್ದೆಯಾದ ಸೋಗೆ ಒಣ ಸೋಗೆಗಿಂತ ಹೆಚ್ಚು ಸಿಗ್ನಲನ್ನು ನುಂಗುತ್ತದೆ, ಟವರುಗಳ ನಡುವಿನ ಮೈಕ್ರೋವೇವ್ ಕೊಂಡಿ ಜಡಿಮಳೆಗೆ ಸೊರಗುತ್ತದೆ. ಆದರೆ ಇಲ್ಲಿ ನಡೆದದ್ದು ಬೇರೆ. ಟವರಿನ 5ಜಿ ಕೆಲಸ ಮಾಡುವುದು 3,300 ಮೆಗಾಹರ್ಟ್ಸ್‌ನ ತರಂಗಗಳಲ್ಲಿ. ಅವು ವೇಗವನ್ನು ಹೊರುತ್ತವೆ, ಅಡ್ಡಿಯನ್ನು ದಾಟುವುದರಲ್ಲಿ ದುರ್ಬಲ. ಗುಡ್ಡೆಯ ಹೆಗಲು ದಾಟಿ ಬೈಲಿಗೆ ಇಳಿಯುವ ಹೊತ್ತಿಗೆ ಅವು ಸತ್ತುಹೋಗಿ, ಡಬ್ಬಿ 4ಜಿಗೆ ಜಾರುತ್ತಿತ್ತು. ಅದೂ ಕ್ಷೀಣ. ಕ್ಷೀಣವಾದ ಸಿಗ್ನಲಿನಲ್ಲಿ ಟವರ್ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡಬೇಕಾಗುತ್ತದೆ, ಕಿವಿ ಮಂದವಾದವರೊಂದಿಗೆ ನಾವು ಮಾತಾಡುವ ಹಾಗೆ. ಬೆಳಿಗ್ಗೆ ಟವರಿಗೆ ಬಿಡುವಿರುತ್ತದೆ, ಮಾತಾಡುತ್ತದೆ. ರಾತ್ರಿ ಪೆರ್ಲ ಪೇಟೆಯವರೂ ಪದವಿನ ಮೇಲಿನವರೂ ಫೋನು ಹಿಡಿದು ಕೂತಾಗ, ದೂರದ ಮಂದಕಿವಿಯವನ ಸರದಿಗೆ ಉಳಿಯುವುದು ಚೂರುಪಾರು.

ಇದನ್ನು ಊಹೆಯೆಂದು ಕಂಪೆನಿ ತಳ್ಳಿಹಾಕಬಾರದಲ್ಲ. ಜೂನ್ ಕೊನೆಯ ವಾರದಲ್ಲಿ ಮಳೆ ಬಿಟ್ಟ ಒಂದು ದಿನ ತೋಟಕ್ಕೆ ಮದ್ದು ಬಿಡುವವರು ಬಂದಿದ್ದರು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಈಗ ಮರ ಹತ್ತುವವರು ಕಡಿಮೆ. ಕಾರ್ಬನ್ ಫೈಬರಿನ ದೋಟಿಯನ್ನು (ಉದ್ದದ ಕೋಲು) ನೆಲದಲ್ಲಿಯೇ ನಿಂತು ಎತ್ತುತ್ತಾರೆ. ಕಂಪೆನಿಯದ್ದೇ ಸಿಮ್ ಇರುವ ನನ್ನ ಫೋನಿನಲ್ಲಿ ಸಿಗ್ನಲಿನ ಬಲ ತೋರಿಸುವ ಆ್ಯಪನ್ನು ತೆರೆದು, ಪರದೆ ದಾಖಲಾಗುವಂತೆ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ದೋಟಿಯ ತುದಿಗೆ ಕಟ್ಟಿದೆ. ದೋಟಿಯವನು ಒಂದು ಗಳಿಗೆ ನನ್ನ ಮುಖ ನೋಡಿ, "ಅಣ್ಣೇರೇ, ಫೋನಿಗೂ ಮದ್ದು ಬಿಡ್ಲಿಕ್ಕುಂಟಾ?" ಎಂದು ಕೇಳಿದ. (ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ, ಕರೆಂಟಿನ ತಂತಿ ಹತ್ತಿರವಿರುವ ಕಡೆ ಈ ಪ್ರಯೋಗ ಯಾರೂ ಮಾಡಬಾರದು.) ಡಬ್ಬಿಯ ಪಕ್ಕದಲ್ಲಿ ಹಿಡಿದಾಗ ಮೈನಸ್ 114 ಡಿಬಿಎಂ (ಸಿಗ್ನಲಿನ ಬಲದ ಅಳತೆ), ಇಪ್ಪತ್ತು ಅಡಿಗೆ ಮೈನಸ್ 110, ನಲವತ್ತಕ್ಕೆ ಮೈನಸ್ 101, ಸೋಗೆಗಳನ್ನು ದಾಟಿ ಐವತ್ತೈದು ಅಡಿಗೆ ಮುಟ್ಟಿದಾಗ ಮೈನಸ್ 97. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಹದಿನೇಳು ಡೆಸಿಬೆಲ್‌ನ ಈ ಅಂತರವೆಂದರೆ ಮೇಲೆ ಸಿಗುವ ಶಕ್ತಿ ಕೆಳಗೆ ಸಿಗುವುದರ ಸುಮಾರು ಐವತ್ತು ಪಟ್ಟು. ಡಬ್ಬಿಯನ್ನು ಬದಲಿಸಿದರೂ ಅಡಾಪ್ಟರನ್ನು ಬದಲಿಸಿದರೂ ಈ ಐವತ್ತು ಪಟ್ಟು ಕೆಳಗಿಳಿದು ಬರುವಂಥದ್ದಲ್ಲ. ಬೇಕಾದದ್ದು ಐವತ್ತೈದು ಅಡಿಯ ಕಂಬ. ನಮ್ಮ ಕಡೆಯ ಸಿಡಿಲಿಗೆ ಅಂಥ ಕಂಬವನ್ನು ಮನೆಯ ಪಕ್ಕ ನಿಲ್ಲಿಸುವುದಕ್ಕೆ ಕಂಪೆನಿಯೂ ಮುಂದೆ ಬರುವುದಿಲ್ಲ, ಮಾವನೂ ಒಪ್ಪುವುದಿಲ್ಲ.

ಮೇಲ್ಮನವಿ

ಏಳನೆಯ ದೂರು ಜೂನ್ 30ರಂದು ಮುಚ್ಚಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೇ ಬರೆಯೋಣ ಎಂಬುದು ಮಾವನ ಸಲಹೆಯಾಗಿತ್ತು. ಆದರೆ ಟ್ರಾಯ್ ಒಬ್ಬೊಬ್ಬ ಗ್ರಾಹಕನ ದೂರನ್ನು ತಾನೇ ವಿಚಾರಿಸಿ ತೀರ್ಮಾನಿಸುವುದಿಲ್ಲ. ಅದು ಮಾಡಿರುವ 2012ರ ದೂರು ಪರಿಹಾರ ನಿಯಮಾವಳಿಯ ಪ್ರಕಾರ ಪ್ರತಿಯೊಂದು ಕಂಪೆನಿಯಲ್ಲಿಯೂ ಎರಡು ಹಂತ ಇರಲೇಬೇಕು: ಮೊದಲನೆಯದು ದೂರು ಕೇಂದ್ರ, ಎರಡನೆಯದು ಮೇಲ್ಮನವಿ ಪ್ರಾಧಿಕಾರ. ಮೊದಲ ಹಂತದಲ್ಲಿ ತೃಪ್ತಿಯಾಗದವನು 30 ದಿನಗಳೊಳಗೆ ಶುಲ್ಕವಿಲ್ಲದೆ ಮೇಲ್ಮನವಿ ಸಲ್ಲಿಸಬಹುದು, ಅದು 39 ದಿನಗಳಲ್ಲಿ ತೀರ್ಮಾನವಾಗಬೇಕು. ಕಾಲ್ ಸೆಂಟರಿನವರು ಏಳು ಬಾರಿಯೂ ಈ ಎರಡನೆಯ ಮೆಟ್ಟಿಲಿನ ಸುದ್ದಿಯನ್ನು ಎತ್ತಿರಲಿಲ್ಲ. ವಿಳಾಸ ಕಂಪೆನಿಯ ಜಾಲತಾಣದ ಅಡಿಯಲ್ಲಿ ಎಲ್ಲೋ ಇತ್ತು, ಹುಡುಕಿದವನಿಗೆ ಸಿಗುವ ಹಾಗೆ.

ಜುಲೈ 10ರಂದು ಮೇಲ್ಮನವಿ ಇಮೇಲ್ ಮಾಡಿದೆವು. ಮಾವನ ಹಟದಿಂದ ಪತ್ರ ಕನ್ನಡದಲ್ಲಿಯೇ ಬರೆಯಲ್ಪಟ್ಟಿತು. ನನ್ನ ಹಟದಿಂದ ಅದರ ಇಂಗ್ಲಿಷ್ ರೂಪವೂ ಜೊತೆಗೆ ಹೋಯಿತು. ಹಿಂದಿನ ಏಳು ದೂರುಗಳಲ್ಲಿ ನಾವು ಕೇಳಿದ್ದು 'ವೇಗ ಸರಿಮಾಡಿಕೊಡಿ' ಎಂದು. ಈ ಬಾರಿ ಹಾಗೆ ಕೇಳಲಿಲ್ಲ. ಈ ಸ್ಥಳದಲ್ಲಿ ಸೇವೆ ಸಾಧ್ಯವಿಲ್ಲ ಎಂಬುದನ್ನು ಒಪ್ಪಿಕೊಂಡು ಹಣ ಹಿಂತಿರುಗಿಸಿ ಎಂದು ಕೇಳಿದೆವು. ನನ್ನ ಅಭಿಪ್ರಾಯದಲ್ಲಿ ಪ್ರಕರಣ ತಿರುಗಿದ್ದು ಈ ಒಂದು ಬದಲಾವಣೆಯಿಂದ. ಜೊತೆಗೆ 58 ಅಳತೆಗಳ ಪಟ್ಟಿ, ಏಳು ಡಾಕೆಟ್ ಸಂಖ್ಯೆಗಳಿದ್ದ ಕ್ಯಾಲೆಂಡರಿನ ಪುಟಗಳ ಫೋಟೋ, ದೋಟಿಯ ತುದಿಯ ದಾಖಲೆ, ಮತ್ತು ಆ ಕರಪತ್ರ.

ಕರಪತ್ರದ ಬಗ್ಗೆ ಒಂದು ಪ್ಯಾರಾ ಪ್ರತ್ಯೇಕವಾಗಿ ಬರೆದಿದ್ದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್ 9ರಂದು ಹೊರಡಿಸಿದ, ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯುವ ಮಾರ್ಗಸೂಚಿಗಳಲ್ಲಿ, ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿ ಇರಬೇಕು ಎಂದಿದೆ. ಕನ್ನಡದಲ್ಲಿ ನೂರು ಎಂದು ಹೇಳಿ, ಇಂಗ್ಲಿಷಿನಲ್ಲಿ 'ಸಿಕ್ಕಿದರೆ' ಎಂದು ಪಿಸುಗುಡುವುದು ಈ ನಿಯಮಕ್ಕೆ ಹೊಂದುವುದಿಲ್ಲ. ಮಾರಾಟಗಾರ ಬಾಯಲ್ಲಿ ಹೇಳಿದ 'ದುಡ್ಡು ವಾಪಸ್' ಎಂಬ ಮಾತಿಗೆ ನಮ್ಮಲ್ಲಿ ಸಾಕ್ಷಿ ಇರಲಿಲ್ಲ. ಆದರೆ ಆ ಕರಪತ್ರವನ್ನು ಅತ್ತೆ ದೇವರ ಕೋಣೆಯ ಪಂಚಾಂಗದೊಳಗೆ ಇಟ್ಟಿದ್ದರು, ಅದು ಹಾಗೆಯೇ ಇತ್ತು.

ಆಗಸ್ಟ್ 6ರಂದು ಕಣ್ಣೂರಿನಿಂದ ಒಬ್ಬರು ರೇಡಿಯೋ ಎಂಜಿನಿಯರ್ ಬಂದರು. ಆರು ತಿಂಗಳಲ್ಲಿ ಸಿಗ್ನಲ್ ಎಂಬ ವಿಷಯ ತಿಳಿದವರೊಬ್ಬರು ಆ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಅಂಗಳದಲ್ಲಿ ನಿಂತು ಗುಡ್ಡೆಯ ಕಡೆಗೊಮ್ಮೆ, ಅಡಿಕೆ ಮರಗಳ ತುದಿಗೊಮ್ಮೆ ನೋಡಿದರು. ಡಬ್ಬಿಯನ್ನು ಮುಟ್ಟಲೇ ಇಲ್ಲ. "ಇವಿಡೆ ಕಣಕ್ಷನ್ ಕೊಡುಕ್ಕಾನ್ ಪಾಡಿಲ್ಲಾಯಿರುನ್ನು" ಎಂದರು. ಇಲ್ಲಿ ಸಂಪರ್ಕ ಕೊಡಬಾರದಿತ್ತು ಎಂದು. ಮಾವ ಏನೂ ಹೇಳದೆ ಒಳಗೆ ಹೋಗಿ ಬೆಲ್ಲ ನೀರು ತಂದುಕೊಟ್ಟರು. ಕರಪತ್ರ ಹಂಚುವ ಮೊದಲು ಆ ಎಂಜಿನಿಯರನ್ನು ಹತ್ತು ನಿಮಿಷ ಕಳುಹಿಸಬೇಕಿತ್ತು ಎಂಬುದು ನಮ್ಮ ವಾದ; ಒಂಬತ್ತು ಸಾವಿರದ ಗಿರಾಕಿಗಾಗಿ ಎಂಜಿನಿಯರನ್ನು ಕಳುಹಿಸಿ ಪೂರೈಸುವುದಿಲ್ಲ ಎಂಬುದು ಕಂಪೆನಿಯ ಲೆಕ್ಕ ಇದ್ದೀತು. ಆದರೆ ಅಳವಡಿಸುವವನು ರಸ್ತೆಯ ಬದಲು ಮನೆಯಲ್ಲಿ ಅಳೆಯಲು ಯಾವ ಖರ್ಚೂ ಇರಲಿಲ್ಲ.

ಗಡುವಿಗೆ ನಾಲ್ಕು ದಿನ ಇರುವಾಗ, ಆಗಸ್ಟ್ 14ರಂದು, ತೀರ್ಮಾನ ಬಂತು: ಸ್ಥಳ ಸೇವೆಗೆ ಅನುಕೂಲವಾಗಿಲ್ಲ, ಸಂಪರ್ಕವನ್ನು 16ಕ್ಕೆ ಕೊನೆಗೊಳಿಸಿ ಉಳಿದ ಆರು ತಿಂಗಳ 4,602 ರೂಪಾಯಿಯನ್ನು ಹಿಂತಿರುಗಿಸಲಾಗುವುದು. ಸೆಪ್ಟೆಂಬರ್ 8ಕ್ಕೆ ಖಾತೆಗೆ ಬಂದದ್ದು 3,602. ವರ್ಷ ತುಂಬುವ ಮೊದಲು ಬಿಟ್ಟದ್ದರಿಂದ ಅಳವಡಿಕೆಯ ಸಾವಿರದ ಮಾಫಿ ರದ್ದಾಗಿದೆಯಂತೆ. ತಾವೇ ಕೊಡಬಾರದಿತ್ತು ಎಂದ ಸಂಪರ್ಕವನ್ನು ಗಿರಾಕಿ 'ಬಿಟ್ಟ' ಎಂದು ಬರೆದ ಈ ಸಾಲು ಮಾವನನ್ನು ಕೆರಳಿಸಿದಷ್ಟು ಹಿಂದಿನ ಆರು ತಿಂಗಳು ಕೆರಳಿಸಿರಲಿಲ್ಲ. ಮರುಪತ್ರದಲ್ಲಿ ಮೂರು ವಿಷಯ ಮಾತ್ರ ಬರೆದೆವು: 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗ್ರಾಹಕನು ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ, ಅಂದರೆ ಕಾಸರಗೋಡಿನಲ್ಲಿಯೇ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ದೂರಸಂಪರ್ಕದ ತಕರಾರು ಗ್ರಾಹಕ ಆಯೋಗದ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟು 2022ರ ಫೆಬ್ರವರಿಯಲ್ಲಿ ಹೇಳಿಯಾಗಿದೆ. ಸೆಪ್ಟೆಂಬರ್ 26ಕ್ಕೆ ಉಳಿದ ಸಾವಿರ ಬಂತು, ಪತ್ರವಿಲ್ಲದೆ. ಮೊದಲ ಆರು ತಿಂಗಳ ಹಣವನ್ನೂ ಕೇಳಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. "ಸಾಕು ಮಾರಾಯ, ಅಡಿಕೆ ಕೊಯ್ಲು ಶುರುವಾಯ್ತು" ಎಂದು ಮಾವ ಕೈಬಿಟ್ಟರು. ಅತ್ತಿಗೆ ವಾರಕ್ಕೆ ಮೂರು ದಿನ ಬದಿಯಡ್ಕಕ್ಕೆ ಬಂದು ನನ್ನ ಅಂಗಡಿಯ ಒಳಮೂಲೆಯಲ್ಲಿ ಕೂತು ಕೆಲಸ ಮಾಡುತ್ತಾರೆ.

ಟ್ರಾಯ್ ಮಾಡಿರುವ 2024ರ ಸೇವಾ ಗುಣಮಟ್ಟದ ನಿಯಮಾವಳಿಯ ಪ್ರಕಾರ ಕಂಪೆನಿಗಳು ತಮ್ಮ ವಯರ್‌ಲೆಸ್ ಸೇವೆ ಎಲ್ಲೆಲ್ಲಿ ಸಿಗುತ್ತದೆಂಬ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ಅಕ್ಟೋಬರಿನಲ್ಲಿ ನಾನು ನೋಡಿದಾಗ ಈ ಕಂಪೆನಿಯ ನಕ್ಷೆಯಲ್ಲಿ ಆ ಬೈಲು ಸೇವೆಯಿರುವ ಬಣ್ಣದಲ್ಲಿಯೇ ಇತ್ತು. ಅದೇ ತಿಂಗಳು ತೋಡಿನ ಆಚೆಯ ಮನೆಗೆ ಬೇರೊಬ್ಬ ಮಾರಾಟಗಾರ ಅದೇ ಕರಪತ್ರ ಹಿಡಿದು ಹೋಗಿದ್ದನಂತೆ. ಆ ಮನೆಯವರು ಅವನನ್ನು ಜಗಲಿಯಲ್ಲಿ ಕೂರಿಸಿ, ಮಾವನ ಮನೆಗೆ ಆಳು ಕಳುಹಿಸಿ ದೋಟಿ ತರಿಸಿದರು.